ಬರೆಹಗಾರನ ವರ್ಷದ ಲೆಕ್ಕ

ಕಾಲವೆಂಬುದು ಮೊದಲೂ ಕೊನೆಯೂ ಕಾಣದ ಹೆದ್ದಾರಿ. ಆ ದಾರಿಯಲ್ಲಿ ನಡೆಯುವ ಮನುಷ್ಯನು ತನ್ನ ಅನುಕೂಲಕ್ಕಾಗಿ ದಿನ, ಮಾಸ, ಸಂವತ್ಸರಗಳೆಂಬ ಮೈಲಿಗಲ್ಲುಗಳನ್ನು ನೆಟ್ಟುಕೊಂಡಿದ್ದಾನೆ. ಮೈಲಿಗಲ್ಲಿನ ಬಳಿ ಪಯಣಿಗನು ಒಂದು ಕ್ಷಣ ನಿಂತು, ತಾನು ಕ್ರಮಿಸಿದ ದೂರವನ್ನು ಹಿಂದಿರುಗಿ ನೋಡುತ್ತಾನೆ. ಇನ್ನು ಕ್ರಮಿಸಬೇಕಾದ ದೂರವನ್ನು ಮನಸ್ಸಿನಲ್ಲಿಯೇ ಎಣಿಸುತ್ತಾನೆ. ರೈತನಿಗೆ ಸುಗ್ಗಿ, ವರ್ತಕನಿಗೆ ದೀಪಾವಳಿ, ವಿದ್ಯಾರ್ಥಿಗೆ ವಾರ್ಷಿಕ ಪರೀಕ್ಷೆ ಇಂತಹ ನಿಲುಗಡೆಗಳು. ಬರೆವಣಿಗೆಯನ್ನು ವ್ರತವಾಗಿ ಕೈಗೊಂಡವನಿಗೂ ಇಂತಹದೊಂದು ನಿಲುಗಡೆ ಬೇಕು. ಅಲ್ಲಿ ನಿಂತು ಅವನು ಏನನ್ನು ಎಣಿಸಬೇಕು, ಮುಂದಿನ ವರ್ಷಕ್ಕೆ ಎಂತಹ ಗುರಿಯನ್ನು ಇಟ್ಟುಕೊಳ್ಳಬೇಕು ಎಂಬುದು ವಿಚಾರಯೋಗ್ಯವಾದ ಸಂಗತಿ.

ಬೆಂಗಳೂರಿನ ಹೊರವಲಯದಲ್ಲಿ ವರ್ಷವು ಒಮ್ಮೆಯಲ್ಲ, ಹಲವು ಬಾರಿ ಮುಗಿಯುತ್ತದೆ. ವಾಯವ್ಯ ದಿಕ್ಕಿನ ಪೀಣ್ಯದ ಕಾರ್ಖಾನೆಗಳಲ್ಲಿ ಆಯುಧಪೂಜೆಯಂದು ಯಂತ್ರಗಳನ್ನು ಒರೆಸಿ, ಅರಿಸಿನ ಕುಂಕುಮವಿಟ್ಟು, ಹೂವು ಮುಡಿಸುತ್ತಾರೆ. ಪೂರ್ವದ ವೈಟ್‌ಫೀಲ್ಡಿನಲ್ಲಿಯೂ ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಇರುವ ಗಣಕಯಂತ್ರಗಳ ಕಚೇರಿಗಳು ಡಿಸೆಂಬರ್ ೩೧ರ ರಾತ್ರಿ ದೀಪಗಳಿಂದ ಬೆಳಗುತ್ತವೆ. ಮನೆಗಳಲ್ಲಿ ಯುಗಾದಿಯ ಬೇವುಬೆಲ್ಲದೊಡನೆ ಹೊಸ ಸಂವತ್ಸರ ಬರುತ್ತದೆ. ಮಾರ್ಚ್ ೩೧ಕ್ಕೆ ಹಳೆಯ ಲೆಕ್ಕದ ಪುಸ್ತಕಗಳು ಮುಚ್ಚಿ, ಏಪ್ರಿಲ್ ೧ಕ್ಕೆ ಹೊಸವು ತೆರೆಯುತ್ತವೆ. ಬರೆಹಗಾರನು ಇವುಗಳಲ್ಲಿ ಯಾವ ದಿನವನ್ನು ತನ್ನ ವರ್ಷಾಂತ್ಯವೆಂದು ಆರಿಸಿಕೊಂಡರೂ ಬಾಧಕವಿಲ್ಲ. ಆದರೆ ಲೆಕ್ಕ ಮಾಡುವ ಕ್ರಮವನ್ನು ಮಾತ್ರ ಅವನು ಕಾರ್ಖಾನೆಯಿಂದ ಕಲಿಯುವುದು ಲೇಸು.

ವರ್ಷದ ಕೊನೆಯಲ್ಲಿ ಕಾರ್ಖಾನೆಗಳಲ್ಲಿ ದಾಸ್ತಾನಿನ ಎಣಿಕೆ ನಡೆಯುತ್ತದೆ. ಆಗ ಉಗ್ರಾಣದಲ್ಲಿರುವ ವಸ್ತುಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಇನ್ನೂ ಯಂತ್ರಕ್ಕೆ ಏರದಿರುವ ಕಬ್ಬಿಣ, ಹಿತ್ತಾಳೆ ಮೊದಲಾದುವು ಕಚ್ಚಾ ಸಾಮಗ್ರಿ. ಅರ್ಧ ಕಡೆದು ನಿಲ್ಲಿಸಿರುವ ಬಿಡಿಭಾಗಗಳು ಅರೆಸಿದ್ಧ ವಸ್ತುಗಳು. ಪರೀಕ್ಷೆಯಾಗಿ ಗಿರಾಕಿಗೆ ಕಳುಹಿಸಲು ಅಣಿಯಾಗಿರುವುವು ಸಿದ್ಧ ವಸ್ತುಗಳು. ಪುಸ್ತಕದಲ್ಲಿ ಬರೆದಿರುವ ಸಂಖ್ಯೆಯನ್ನು ನಂಬಿ ಯಾರೂ ಸುಮ್ಮನಿರುವುದಿಲ್ಲ. ಕಪಾಟಿನ ಬಳಿಗೆ ಹೋಗಿ, ಒಂದೊಂದನ್ನೂ ಕೈಯಿಂದ ಮುಟ್ಟಿ ಎಣಿಸುತ್ತಾರೆ. ಇಷ್ಟಿರಬೇಕು ಎಂಬ ಲೆಕ್ಕಕ್ಕೂ ಇಷ್ಟೇ ಇದೆ ಎಂಬ ನಿಜಕ್ಕೂ ಅಂತರ ಕಂಡುಬಂದರೆ ಅದರ ಕಾರಣವನ್ನು ಹುಡುಕುತ್ತಾರೆ. ಈ ಕ್ರಮವು ಬರೆಹಗಾರನಿಗೆ ಚೆನ್ನಾಗಿ ಒಪ್ಪುತ್ತದೆ. ಅವನು ಕಂಡು ಕೇಳಿದುದು ಕಚ್ಚಾ ಸಾಮಗ್ರಿ. ಬರೆಯತೊಡಗಿ ನಿಲ್ಲಿಸಿದುದು ಅರೆಸಿದ್ಧ ವಸ್ತು. ಬರೆದು ಮುಗಿಸಿದುದು ಸಿದ್ಧ ವಸ್ತು. ಬಹುಮಂದಿ ಬರೆಹಗಾರರು ವರ್ಷದ ಕೊನೆಯಲ್ಲಿ ಸಿದ್ಧ ವಸ್ತುವನ್ನು ಮಾತ್ರ ಎಣಿಸಿ ಹಿಗ್ಗುತ್ತಾರೆ, ಇಲ್ಲವೆ ಕುಗ್ಗುತ್ತಾರೆ. ಉಳಿದೆರಡನ್ನು ಎಣಿಸದಿದ್ದರೆ ಲೆಕ್ಕವು ಪೂರ್ಣವಾಗಲಾರದು.

ಈ ಕೈಗಾರಿಕಾ ವಲಯಗಳಲ್ಲಿ ಬರೆಯುವವರು ಬಹುಮಟ್ಟಿಗೆ ಬರೆವಣಿಗೆಯಿಂದಲೇ ಜೀವನ ಸಾಗಿಸುವವರಲ್ಲ. ಹಗಲೆಲ್ಲ ಲೇತ್ ಯಂತ್ರದ ಮುಂದೆಯೋ ಗಣಕಯಂತ್ರದ ಮುಂದೆಯೋ ದುಡಿದು, ಉಳಿದ ಹೊತ್ತಿನಲ್ಲಿ ಲೇಖನಿ ಹಿಡಿಯುವವರು. ಇದು ಕನ್ನಡಕ್ಕೆ ಹೊಸತೇನೂ ಅಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದುಕೊಂಡೇ ಕನ್ನಡದ ಸಣ್ಣಕಥೆಗೆ ಭದ್ರವಾದ ನೆಲೆಯನ್ನು ಒದಗಿಸಿದರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿದ್ದು, ಉದ್ಯಮಜಗತ್ತಿನ ಒಳಗನ್ನೇ ತಮ್ಮ ‘ಶಿಕಾರಿ’ ಕಾದಂಬರಿಗೆ ವಸ್ತುವಾಗಿ ಮಾಡಿಕೊಂಡರು. ಆ ಕೃತಿಯು ೧೯೭೯ರಲ್ಲಿ ಪ್ರಕಟವಾಯಿತು. ಈಚಿನವರಲ್ಲಿ ವಸುಧೇಂದ್ರರು ಹಲವು ವರ್ಷ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದುಕೊಂಡು ಕಥೆ, ಪ್ರಬಂಧಗಳನ್ನು ರಚಿಸಿದರು. ಹೊತ್ತು ಕಡಿಮೆಯಿದ್ದವನಿಗೆ ಲೆಕ್ಕದ ಅಗತ್ಯ ಹೆಚ್ಚು. ಇರುವ ನೀರು ಕೊಡದಷ್ಟಾದರೆ ಒಂದೊಂದು ಹನಿಯೂ ಎಣಿಕೆಗೆ ಬರಬೇಕಲ್ಲವೆ?

ವರ್ಷಾಂತ್ಯದ ಲೆಕ್ಕವನ್ನು ತಪ್ಪದೆ ಬರೆದಿಟ್ಟವರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್ ಪ್ರಸಿದ್ಧನು. ಲಂಡನ್ ನಗರದ ದರ್ಜಿಯೊಬ್ಬನ ಮಗನಾದ ಈತನು ನೌಕಾಪಡೆಯ ಆಡಳಿತ ಕಚೇರಿಯಲ್ಲಿ ಅಧಿಕಾರಿಯಾಗಿದ್ದನು. ೧೬೬೦ರ ಜನವರಿ ೧ರಂದು ದಿನಚರಿಯನ್ನು ಆರಂಭಿಸಿ, ಕಣ್ಣುಗಳು ಕುರುಡಾದಾವೆಂಬ ಭಯದಿಂದ ೧೬೬೯ರ ಮೇ ೩೧ರಂದು ನಿಲ್ಲಿಸುವವರೆಗೆ, ಒಂಬತ್ತು ವರ್ಷಗಳಿಗೂ ಮೀರಿ ಅದನ್ನು ಶೀಘ್ರಲಿಪಿಯಲ್ಲಿ ಬರೆದನು. ಡಿಸೆಂಬರ್ ೩೧ ಬಂದಾಗ ತನ್ನ ಕೂಡಿಟ್ಟ ಹಣ, ದೇಹಸ್ಥಿತಿ, ಮನೆಯ ಸಂಗತಿ, ದೇಶದ ಸ್ಥಿತಿ ಇವುಗಳನ್ನು ಒಂದೆಡೆ ತೂಗಿ ನೋಡುವುದು ಅವನ ವಾಡಿಕೆ. ನಾಟಕ ನೋಡುವ ಮತ್ತು ಮದ್ಯ ಕುಡಿಯುವ ಚಪಲವನ್ನು ಅಂಕೆಯಲ್ಲಿಡಲು ಅವನು ಪ್ರತಿಜ್ಞೆಗಳನ್ನು ಮಾಡುತ್ತಿದ್ದನು. ಮುರಿದರೆ ಬಡವರ ಪೆಟ್ಟಿಗೆಗೆ ದಂಡ ಹಾಕುತ್ತಿದ್ದನು. ತನ್ನ ದೌರ್ಬಲ್ಯಗಳನ್ನು ಅವನು ಮುಚ್ಚಿಡಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತನ್ನ ಸುತ್ತಲಿನ ಊರನ್ನು ಅವನು ಮರೆಯಲಿಲ್ಲ. ೧೬೬೫ರ ಪ್ಲೇಗು ಮಾರಿಯನ್ನೂ ೧೬೬೬ರಲ್ಲಿ ಲಂಡನ್ನನ್ನು ಸುಟ್ಟ ಮಹಾಗ್ನಿಯನ್ನೂ ಇಂದಿನವರು ಕಣ್ಣಾರೆ ಕಂಡಂತೆ ತಿಳಿಯಲು ಸಾಧ್ಯವಾಗಿರುವುದು ಬಹುಪಾಲು ಆ ದಿನಚರಿಯಿಂದ. ಅದು ಮೊದಲು ಅಚ್ಚಾದುದು ೧೮೨೫ರಲ್ಲಿ. ಕನ್ನಡದಲ್ಲಿಯೂ ಕುವೆಂಪು ಅವರು ತಾರುಣ್ಯದಲ್ಲಿ ಬರೆದಿಟ್ಟಿದ್ದ ದಿನಚರಿಗಳು ಮುಂದೆ ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಎಂಬ ಗ್ರಂಥಕ್ಕೆ ಒದಗಿಬಂದುವು. ಅಂದಂದಿನ ಲೆಕ್ಕವನ್ನು ಅಂದಂದೇ ಬರೆದಿಟ್ಟವನಿಗೆ ಕಾಲವು ಸಾಲಗಾರನಾಗಿ ನಿಲ್ಲುತ್ತದೆ.

ಮೂರು ಬಗೆಯ ದಾಸ್ತಾನುಗಳಲ್ಲಿ ಮೊದಲನೆಯದು ಕಚ್ಚಾ ಸಾಮಗ್ರಿ. ಉಗ್ರಾಣದಲ್ಲಿಟ್ಟ ಉಕ್ಕಿನ ಸರಳನ್ನು ಎಣ್ಣೆ ಸವರಿ ಕಾಪಾಡಬಹುದು. ಮನುಷ್ಯರ ನೆನಪನ್ನು ಹಾಗೆ ಕಾಪಾಡಲಾಗದು. ಬರೆಯದೆ ಬಿಟ್ಟರೆ ಅದು ಅಳಿಯುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಈ ಅಳಿವು ಬಲು ಬೇಗ ನಡೆಯುತ್ತಿದೆ. ಹತ್ತನೆಯ ಚಾಮರಾಜೇಂದ್ರ ಒಡೆಯರು ನೀಡಿದ ಭೂಮಿಯಲ್ಲಿ, ಆಂಗ್ಲೋ-ಇಂಡಿಯನ್ ಸಮುದಾಯದವರ ಬೇಸಾಯದ ನೆಲೆಯಾಗಿ ೧೮೮೨ರಲ್ಲಿ ಏರ್ಪಟ್ಟ ವಸತಿಯೇ ವೈಟ್‌ಫೀಲ್ಡ್. ಆ ಸಮುದಾಯದ ನಾಯಕನಾದ ಡಿ. ಎಸ್. ವೈಟ್ ಎಂಬುವನ ಹೆಸರೇ ಅದಕ್ಕೆ ನಿಂತಿತು. ೧೯೭೮ರಲ್ಲಿ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು, ಆರ್. ಕೆ. ಬಾಳಿಗರ ಕನಸಿಗೆ ರೂಪು ಕೊಡುತ್ತ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಹಳ್ಳಿಯಾಗಿದ್ದ ಪೀಣ್ಯವು ಸಾವಿರಾರು ಸಣ್ಣ ಕಾರ್ಖಾನೆಗಳ ಊರಾಗಿ ಬೆಳೆಯಿತು. ಪೀಣ್ಯಕ್ಕೆ ೨೦೧೪ರಲ್ಲಿ, ವೈಟ್‌ಫೀಲ್ಡಿಗೆ ೨೦೨೩ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ೨೦೨೫ರಲ್ಲಿ ಮೆಟ್ರೋ ರೈಲು ಬಂದಿತು.

ಇವೆಲ್ಲ ಕಡತಗಳಲ್ಲಿ ದೊರೆಯುವ ಸಂಗತಿಗಳು. ಆದರೆ ರಾಗಿ ಬೆಳೆಯುತ್ತಿದ್ದ ಹೊಲವನ್ನು ಬಿಟ್ಟುಕೊಟ್ಟ ದಿನ ಆ ಮನೆಯಲ್ಲಿ ಏನು ಮಾತು ನಡೆಯಿತು? ಎತ್ತುಗಳನ್ನು ಮಾರಿದ ಮೇಲೆ ಖಾಲಿಯಾದ ಕೊಟ್ಟಿಗೆಯನ್ನು ಏನು ಮಾಡಿದರು? ಹೊಲದ ಯಜಮಾನನ ಮಗನು ಅದೇ ನೆಲದ ಮೇಲೆ ಎದ್ದ ಕಟ್ಟಡದ ಬಾಗಿಲಲ್ಲಿ ಕಾವಲುಗಾರನಾಗಿ ನಿಂತಾಗ ಅವನಿಗೆ ಏನೆನಿಸಿತು? ಉತ್ತರ ಕರ್ನಾಟಕದಿಂದ ದುಡಿಮೆಯನ್ನರಸಿ ಬಂದ ಹೆಣ್ಣುಮಗಳು, ತಾನು ಇಟ್ಟಿಗೆ ಹೊತ್ತ ಕಟ್ಟಡವು ಮುಗಿದ ಮೇಲೆ ಎಲ್ಲಿಗೆ ಹೋದಳು? ಇವುಗಳಿಗೆ ಉತ್ತರವಿರುವುದು ಕಡತಗಳಲ್ಲಲ್ಲ, ಮನುಷ್ಯರ ನೆನಪಿನಲ್ಲಿ. ೧೯೭೮ರಲ್ಲಿ ಇಪ್ಪತ್ತು ವರ್ಷದ ತರುಣನಾಗಿದ್ದ ರೈತನು ಇಂದು ಎಪ್ಪತ್ತರ ಸಮೀಪದಲ್ಲಿದ್ದಾನೆ. ಪ್ರತಿಯೊಂದು ವರ್ಷಾಂತ್ಯದಲ್ಲಿಯೂ ಅಂತಹ ಕೆಲವರು ಇಲ್ಲವಾಗಿರುತ್ತಾರೆ. ಆದುದರಿಂದ ಈ ನೆಲದ ಬರೆಹಗಾರನು ವರ್ಷದ ಕೊನೆಗೆ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ, ಎಷ್ಟು ಬರೆದೆ ಎಂಬುದಲ್ಲ. ಕಂಡೂ ಬರೆಯದೆ ಬಿಟ್ಟುದು ಯಾವುದು ಎಂಬುದು.

ಬರೆದುದರ ಬೆಲೆ ಬರೆದ ಕಾಲದಲ್ಲಿ ತಿಳಿಯುವುದಿಲ್ಲ ಎಂಬುದಕ್ಕೆ ಎಲೆಕ್ಟ್ರಾನಿಕ್ ಸಿಟಿಯಿಂದ ಕೆಲವೇ ಮೈಲಿ ದೂರದ ಬೇಗೂರು ಸಾಕ್ಷಿ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ. ಶ. ೮೯೦ಕ್ಕೆ ಸೇರಿದ ಹಳಗನ್ನಡದ ಶಾಸನವೊಂದಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದ ವೀರನೊಬ್ಬನನ್ನು ಅದು ನೆನೆಯುತ್ತದೆ. ಅದನ್ನು ಬರೆಸಿದವರ ಉದ್ದೇಶ ತಮ್ಮ ಮನೆಯ ಒಬ್ಬ ಮನುಷ್ಯನ ಮರಣವನ್ನು ದಾಖಲಿಸುವುದಷ್ಟೇ. ಆದರೆ ಸಾವಿರ ವರ್ಷಗಳಿಗೂ ಮೀರಿದ ಕಾಲ ಸಂದ ಮೇಲೆ, ಬೆಂಗಳೂರೆಂಬ ಹೆಸರಿನ ಪ್ರಾಚೀನತೆಗೆ ಆ ಕೆಲವೇ ಪಂಕ್ತಿಗಳು ಆಧಾರವಾಗಿ ನಿಂತಿವೆ. ಒಬ್ಬ ಸಾಮಾನ್ಯನ ಬಾಳನ್ನು ನಿಜವಾಗಿ ಬರೆದಿಟ್ಟರೆ ಊರಿನ ಚರಿತ್ರೆಯೇ ಅದರೊಳಗೆ ಉಳಿಯಬಹುದು.

ಈ ಶಾಸನವನ್ನು ಬೆಳಕಿಗೆ ತಂದ ಆರ್. ನರಸಿಂಹಾಚಾರ್ಯರ ಬಾಳು ಎರಡನೆಯ ಬಗೆಯ ದಾಸ್ತಾನಿನ, ಎಂದರೆ ಅರೆಸಿದ್ಧ ವಸ್ತುಗಳ, ವಿಷಯದಲ್ಲಿ ಪಾಠ ಹೇಳುತ್ತದೆ. ಅವರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದವರು. ಅಧಿಕಾರದ ಹೊಣೆಯ ನಡುವೆಯೇ ಕನ್ನಡ ಕವಿಗಳೆಲ್ಲರ ಚರಿತ್ರೆಯನ್ನು ಸಂಗ್ರಹಿಸುವ ಕಾರ್ಯವನ್ನೂ ನಡೆಸಿದರು. ‘ಕರ್ಣಾಟಕ ಕವಿಚರಿತೆ’ಯ ಮೊದಲನೆಯ ಸಂಪುಟ ೧೯೦೭ರಲ್ಲಿಯೂ ಎರಡನೆಯದು ೧೯೧೯ರಲ್ಲಿಯೂ ಮೂರನೆಯದು ೧೯೨೯ರಲ್ಲಿಯೂ ಹೊರಬಂದುವು. ಮೊದಲ ಎರಡು ಸಂಪುಟಗಳ ನಡುವೆ ಹನ್ನೆರಡು ವರ್ಷಗಳ ಅಂತರ. ಹಾಗೆಯೇ ಕುವೆಂಪು ಅವರು ೧೯೩೬ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಆರಂಭಿಸಿದರು. ಅದು ಮುಗಿಯಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಎಷ್ಟು ಡಿಸೆಂಬರುಗಳು ಬಂದು ಹೋದುವೋ ಅಷ್ಟು ಬಾರಿಯೂ ಮಹಾಕಾವ್ಯವು ಅರೆಸಿದ್ಧ ವಸ್ತುಗಳ ಸಾಲಿನಲ್ಲಿಯೇ ಇದ್ದಿತು. ಮುಗಿಯದಿರುವುದೆಲ್ಲ ಸೋಲಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಕೆಲಸ ನಡೆಯುತ್ತಿರುವುದರಿಂದ ಅರ್ಧವಾಗಿರುವ ಬರೆಹ ಬೇರೆ, ಕೈಬಿಟ್ಟುದರಿಂದ ಅರ್ಧವಾಗಿರುವ ಬರೆಹ ಬೇರೆ. ಒಂದು ಬೆಳೆಯುತ್ತಿರುವ ಸಸಿ, ಇನ್ನೊಂದು ಒಣಗಿದ ಕಡ್ಡಿ. ವರ್ಷಾಂತ್ಯದಲ್ಲಿ ಎರಡನ್ನೂ ಬೇರ್ಪಡಿಸಿ ನೋಡಬೇಕು. ಒಣಗಿದುದನ್ನು ಕಿತ್ತುಹಾಕಲು ಮನಸ್ಸು ಗಟ್ಟಿಯಾಗಬೇಕು.

ಲೆಕ್ಕ ಮುಗಿದ ಮೇಲೆ ಗುರಿಯ ವಿಚಾರ. ಹೊಸ ವರ್ಷದ ಸಂಕಲ್ಪಗಳು ಸಾಮಾನ್ಯವಾಗಿ ಆರಂಭಶೂರತ್ವದಲ್ಲಿಯೇ ಮುಗಿಯುತ್ತವೆ. ಅದಕ್ಕೆ ಕಾರಣ, ಮನುಷ್ಯನು ಆಸೆಯನ್ನೇ ಗುರಿಯೆಂದು ಭ್ರಮಿಸುವುದು. ಹೆಸರು ಗಳಿಸಬೇಕು, ಪ್ರಶಸ್ತಿ ದೊರೆಯಬೇಕು, ಪುಸ್ತಕವನ್ನು ಎಲ್ಲರೂ ಮೆಚ್ಚಬೇಕು ಎಂಬುವು ಆಸೆಗಳು. ಇವು ಇತರರ ಕೈಯಲ್ಲಿರುವಂಥವು. ನಾಳೆ ಬೆಳಗ್ಗೆ ಅರ್ಧ ಪುಟ ಬರೆಯಬೇಕು, ಈ ತಿಂಗಳು ಊರಿನ ಒಬ್ಬ ಹಿರಿಯರ ಮಾತನ್ನು ಕೇಳಿ ಬರೆದಿಟ್ಟುಕೊಳ್ಳಬೇಕು ಎಂಬುವು ಗುರಿಗಳು. ಇವು ತನ್ನ ಕೈಯಲ್ಲಿರುವಂಥವು. ದಿನಕ್ಕೆ ಅರ್ಧ ಪುಟದಂತೆ ಬರೆದವನು ವರ್ಷಕ್ಕೆ ಸುಮಾರು ೧೮೨ ಪುಟಗಳನ್ನು ಬರೆದಿರುತ್ತಾನೆ. ಜ್ವರ, ಹಬ್ಬ, ನೆಂಟರು, ಹೆಚ್ಚಿನ ಪಾಳಿಯ ಕೆಲಸ ಇವುಗಳಿಗೆಂದು ನೂರು ದಿನಗಳನ್ನು ಬಿಟ್ಟುಕೊಟ್ಟರೂ ೧೩೨ ಪುಟಗಳು ಉಳಿಯುತ್ತವೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ಹಿರಿಯರು ಹೇಳಿರುವುದು ಸುಮ್ಮನಲ್ಲ.

ಹೀಗೆ ಅಳತೆಯಿಟ್ಟು ಬರೆದವರಲ್ಲಿ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪನು ಅಗ್ರಗಣ್ಯ. ಅವನು ಅಂಚೆ ಇಲಾಖೆಯ ನೌಕರ. ೧೮೬೭ರವರೆಗೂ ಆ ಉದ್ಯೋಗದಲ್ಲಿದ್ದನು. ಬೆಳಗ್ಗೆ ಐದೂವರೆ ಗಂಟೆಗೆ ಬರೆಯಲು ಕುಳಿತುಕೊಳ್ಳುತ್ತಿದ್ದನು. ತನ್ನನ್ನು ಎಬ್ಬಿಸಿ ಕಾಫಿ ತಂದುಕೊಡುವುದಕ್ಕಾಗಿ ಮನೆಯ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಾಗಿ ಕೊಡುತ್ತಿದ್ದನು. ಗಡಿಯಾರವನ್ನು ಮುಂದಿಟ್ಟುಕೊಂಡು ಕಾಲು ಗಂಟೆಗೆ ೨೫೦ ಪದಗಳಂತೆ ಬರೆಯುವುದು ಅವನ ನಿಯಮ. ಪ್ರತಿದಿನ ಬರೆದ ಪುಟಗಳ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದನು. ಸೋಮಾರಿಯಾಗಿ ಕಳೆದ ದಿನವು ಆ ಪುಸ್ತಕದಲ್ಲಿ ಅವನನ್ನೇ ದಿಟ್ಟಿಸುತ್ತಿತ್ತು. ಇಲಾಖೆಯ ಕೆಲಸದ ಮೇಲೆ ಊರೂರು ತಿರುಗಬೇಕಾಗಿ ಬಂದಾಗ ತೊಡೆಯ ಮೇಲೆ ಸಣ್ಣ ಹಲಗೆಯನ್ನಿಟ್ಟುಕೊಂಡು ರೈಲು ಗಾಡಿಯಲ್ಲಿಯೇ ಪೆನ್ಸಿಲಿನಿಂದ ಬರೆದನು. ೧೮೫೭ರಲ್ಲಿ ಪ್ರಕಟವಾದ ‘ಬಾರ್ಚೆಸ್ಟರ್ ಟವರ್ಸ್’ ಎಂಬ ಅವನ ಹೆಸರಾಂತ ಕಾದಂಬರಿಯ ಹೆಚ್ಚಿನ ಭಾಗ ಹೀಗೆ ರೈಲಿನಲ್ಲಿ ರೂಪುಗೊಂಡಿತು. ಅವನು ಒಟ್ಟು ೪೭ ಕಾದಂಬರಿಗಳನ್ನು ಬರೆದನು. ದಿನವೂ ಎರಡು ಹೊತ್ತು ಮೆಟ್ರೋ ರೈಲಿನಲ್ಲೋ ಕಂಪನಿಯ ಬಸ್ಸಿನಲ್ಲೋ ಕುಳಿತು ಪ್ರಯಾಣಿಸುವ ಬೆಂಗಳೂರಿನ ಉದ್ಯೋಗಿಗೆ ಈ ನಿದರ್ಶನವು ಬಹು ಹತ್ತಿರದ್ದು.

ಆದರೆ ಪುಟಗಳ ಎಣಿಕೆಯೇ ಬರೆವಣಿಗೆಯಲ್ಲ. ಕಾರ್ಖಾನೆಯಲ್ಲಿ ತಯಾರಾದ ವಸ್ತುವೆಲ್ಲ ಸಿದ್ಧ ವಸ್ತುವೆನಿಸುವುದಿಲ್ಲ. ಅದು ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕು. ಪೀಣ್ಯದ ಕಾರ್ಖಾನೆಗಳಲ್ಲಿ ಕೊರೆದ ರಂಧ್ರದ ಅಳತೆಯನ್ನು ಪರೀಕ್ಷಿಸಲು ಎರಡು ತುದಿಗಳ ಒಂದು ಉಪಕರಣವನ್ನು ಬಳಸುತ್ತಾರೆ. ಅದರ ಒಂದು ತುದಿ ರಂಧ್ರದೊಳಕ್ಕೆ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಲೇಬಾರದು. ಹಾಗಾಗದಿದ್ದರೆ ಆ ಭಾಗವನ್ನು ಪಕ್ಕಕ್ಕೆ ಎಸೆಯುತ್ತಾರೆ. ಬರೆಹಗಾರನಿಗೂ ಅಂತಹ ಎರಡು ತುದಿಗಳ ಅಳತೆಗೋಲು ಬೇಕು. ಓದುಗನಿಗೆ ತಿಳಿಯಬೇಕಾದ ನಿಜವು ಬರೆಹದೊಳಕ್ಕೆ ಹೋಗಿದೆಯೇ ಎಂಬುದು ಒಂದು ತುದಿ. ಹೋಗಬಾರದ ಉತ್ಪ್ರೇಕ್ಷೆ, ಆಡಂಬರ, ಕಾಣದುದನ್ನು ಕಂಡೆನೆಂಬ ಸುಳ್ಳು ಹೊರಗೇ ನಿಂತಿವೆಯೇ ಎಂಬುದು ಇನ್ನೊಂದು ತುದಿ. ೧೩೨ ಪುಟಗಳಲ್ಲಿ ಈ ಪರೀಕ್ಷೆಗೆ ನಿಲ್ಲುವುದು ಮೂವತ್ತೇ ಪುಟಗಳಾದರೂ ಆ ವರ್ಷ ವ್ಯರ್ಥವಲ್ಲ. ಉಳಿದ ಪುಟಗಳು ಕೈಯನ್ನು ಪಳಗಿಸಿರುತ್ತವೆ.

ಕ್ಷಣಾರ್ಧದಲ್ಲಿ ಪುಟಗಟ್ಟಲೆ ವಾಕ್ಯಗಳನ್ನು ಹೆಣೆದುಕೊಡುವ ಯಂತ್ರಗಳೂ ಈಗ ಬಂದಿವೆ. ಅವುಗಳ ರಚನೆಯಲ್ಲಿ ತೊಡಗಿರುವ ತಂತ್ರಜ್ಞರು ಇದೇ ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಇದ್ದಾರೆ. ಪುಟಗಳ ಸಂಖ್ಯೆಯೇ ಗುರಿಯಾದರೆ ಬರೆಹಗಾರನು ಆ ಯಂತ್ರಗಳಿಗೆ ಸರಿಸಾಟಿಯಾಗಲಾರನು. ಆದರೆ ರಾತ್ರಿಯ ಪಾಳಿ ಮುಗಿಸಿ, ಮುಂಜಾವಿನ ಚಳಿಯಲ್ಲಿ ಚಹಾದ ಲೋಟವನ್ನು ಎರಡು ಕೈಗಳಿಂದಲೂ ಹಿಡಿದು ನಿಂತ ಕಾರ್ಮಿಕನ ಬಳಿ ನಿಂತು, ಅವನ ಸುಖದುಃಖವನ್ನು ಕೇಳಿ ಬರುವ ಕೆಲಸವನ್ನು ಮನುಷ್ಯನೇ ಮಾಡಬೇಕು. ಕಚ್ಚಾ ಸಾಮಗ್ರಿಯನ್ನು ತರುವವನಿಲ್ಲದಿದ್ದರೆ ಯಾವ ಯಂತ್ರವೂ ಏನನ್ನೂ ಕಡೆಯಲಾರದು.

ಈ ಲೆಕ್ಕವು ಹೆಸರಾಂತ ಬರೆಹಗಾರರಿಗೆ ಮಾತ್ರ ಮೀಸಲಲ್ಲ. ಲೇಖನಿ ಹಿಡಿಯಬಲ್ಲ ವಿದ್ಯಾರ್ಥಿಯೂ ಇದನ್ನು ಇಡಬಹುದು. ಒಂದು ಸಾಧಾರಣ ಪುಸ್ತಕದಲ್ಲಿ ಮೂರು ಅಂಕಣಗಳನ್ನು ಎಳೆದರಾಯಿತು: ಕಂಡುದು, ತೊಡಗಿದುದು, ಮುಗಿಸಿದುದು. ಕೆರೆಯಿದ್ದ ಜಾಗವನ್ನು ತೋರಿಸಬಲ್ಲ ಅಜ್ಜಿ, ಮೊದಲ ಕಾರ್ಖಾನೆಯ ಕೂಗು ಕೇಳಿದ ದಿನವನ್ನು ನೆನಪಿಟ್ಟುಕೊಂಡಿರುವ ತಾತ, ದೂರದ ಜಿಲ್ಲೆಯಿಂದ ಬಂದು ಪಕ್ಕದ ಬೆಂಚಿನಲ್ಲಿ ಕುಳಿತಿರುವ ಸಹಪಾಠಿ, ಇವರೆಲ್ಲರೂ ಮೊದಲನೆಯ ಅಂಕಣಕ್ಕೆ ಸೇರಬೇಕಾದವರು. ವರ್ಷದ ಕೊನೆಯ ದಿನ ಆ ಪುಸ್ತಕವನ್ನು ತೆರೆದಾಗ, ಮೊದಲನೆಯ ಅಂಕಣದ ಒಂದೇ ಒಂದು ಹೆಸರು ಮೂರನೆಯ ಅಂಕಣವನ್ನು ತಲಪಿದ್ದರೂ ಆ ವರ್ಷದ ಬಾಳು ಲಾಭದಲ್ಲಿದೆ ಎಂದೇ ಅರ್ಥ. ಉಳಿದ ಹೆಸರುಗಳು ಹೊಸ ವರ್ಷದ ಗುರಿಗಳು. ಆದರೆ ಆ ಹೆಸರಿನವರು ಬಹುಕಾಲ ಕಾಯಲಾರರು ಎಂಬುದನ್ನು ಮರೆಯಬಾರದು.